ಕಾರನ್ನು ನಿಮ್ಮ ಬೀದಿಗೆ ಕರೆಸಿ ನೋಡಿ

ಪ್ರಶ್ನೆ: ನಮ್ಮದು ಗುಲಾಬಿ ಬೆಳೆಯುವ ಮನೆ. ಇಷ್ಟು ವರ್ಷ ಹಳೇ ಮಾರುತಿ 800ರಲ್ಲೇ ಓಡಾಡಿದೆವು. ಈಗ ಮಗ ಬೆಂಜ್ ಇ-ಕ್ಲಾಸ್ ಇಲ್ಲವೇ ಬಿಎಂಡಬ್ಲ್ಯು 5 ಸೀರೀಸ್ ತೆಗೆದುಕೊಳ್ಳೋಣ ಎನ್ನುತ್ತಿದ್ದಾನೆ. ಬೆಂಗಳೂರಿನ ಷೋರೂಮಿನಲ್ಲಿ ಹತ್ತು ನಿಮಿಷ ಓಡಿಸಲು ಕೊಟ್ಟರು. ಚೆನ್ನಾಗಿದೆ ಅನ್ನಿಸಿತು, ಅದು ಬಿಟ್ಟರೆ ಏನೂ ತಿಳಿಯಲಿಲ್ಲ. ಮತ್ತೊಮ್ಮೆ ಕೇಳಲು ಸಂಕೋಚ. ಟೆಸ್ಟ್ ಡ್ರೈವ್‌ನಲ್ಲಿ ನಿಜವಾಗಿ ಏನು ನೋಡಬೇಕು?
— ಓದುಗರೊಬ್ಬರು, ಅವಲಪಲ್ಲಿ, ಹೊಸೂರು

ಮೊದಲು ಆ ಸಂಕೋಚ ಬಿಡಿ. ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಹಲ್ಲು ಹಿಡಿದು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಗಾಡಿಗೆ ಕಟ್ಟಿ ನೋಡಿದ ಮೇಲೆಯೇ ದುಡ್ಡು ಎಣಿಸುತ್ತಿದ್ದರು. ಇಷ್ಟು ಲಕ್ಷ ಸುರಿಯುವವರು ಎರಡನೇ ಸಲ, ಮೂರನೇ ಸಲ ಓಡಿಸಿ ನೋಡುತ್ತೇವೆ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಹತ್ತು ನಿಮಿಷದಲ್ಲಿ ನಿಮಗೆ ಏನೂ ತಿಳಿಯಲಿಲ್ಲ ಎಂದರೆ ಅದು ನಿಮ್ಮ ಕೊರತೆಯಲ್ಲ. ಷೋರೂಮಿನವರು ಓಡಿಸಲು ಕೊಡುವ ದಾರಿ ಸಾಮಾನ್ಯವಾಗಿ ಅಗಲವಾದ, ನುಣುಪಾದ ದಾರಿ. ಅಂಥ ದಾರಿಯಲ್ಲಿ ಈ ವರ್ಗದ ಯಾವ ಕಾರೂ ಚೆನ್ನಾಗಿಯೇ ಹೋಗುತ್ತದೆ. ಕಾರು ಬಾಳಬೇಕಾದದ್ದು ಅವಲಪಲ್ಲಿಯಲ್ಲಿ. ಹಾಗಾಗಿ ಪರೀಕ್ಷೆಯೂ ಅಲ್ಲೇ ನಡೆಯಬೇಕು.

ಮನೆ ಬಾಗಿಲಿಗೆ ಕಾರು ತಂದು ತೋರಿಸುವುದು ಈಗ ರೂಢಿಯಲ್ಲಿದೆ. ಫೋನ್ ಮಾಡುವಾಗಲೇ ಎರಡು ಮಾತು ಕೇಳಿ: ಕಾರು ಅತ್ತಿಬೆಲೆ ದಾಟಿ ಹೊಸೂರಿಗೆ ಬರುತ್ತದೆಯೇ, ಬರುವ ಕಾರು ನೀವು ಕೊಳ್ಳಬೇಕೆಂದಿರುವ ವೇರಿಯಂಟೇ? ಎರಡನೆಯದನ್ನು ಒತ್ತಿ ಕೇಳಿ. ಷೋರೂಮಿನ ಕಾರು ಎಷ್ಟೋ ಸಲ ಎಲ್ಲ ಸೌಕರ್ಯವಿರುವ ದುಬಾರಿ ಮಾದರಿಯಾಗಿರುತ್ತದೆ. ಚಕ್ರ, ಸಸ್ಪೆನ್ಷನ್, ಸೀಟು ಬೇರೆಯಾದರೆ ನೀವು ಓಡಿಸಿ ನೋಡಿದ್ದೇ ಒಂದು, ಮನೆಗೆ ಬರುವುದೇ ಇನ್ನೊಂದು.

ಕಾರು ಬಂದ ಮೇಲೆ ಸ್ಟಿಯರಿಂಗ್ ಹಿಡಿಯುವ ಆತುರ ಬೇಡ. ಮನೆಯ ಹಿರಿಯರನ್ನು ಮೊದಲು ಹಿಂದಿನ ಸೀಟಿನಲ್ಲಿ ಕೂರಿಸಿ. 2024ರಲ್ಲಿ ನಮ್ಮ ದೇಶಕ್ಕೆ ಬಂದ ಈ ಎರಡೂ ಕಾರುಗಳ ಹೊಸ ಪೀಳಿಗೆಗಳು ಉದ್ದ ವೀಲ್‌ಬೇಸಿನವು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇ-ಕ್ಲಾಸ್‌ನಲ್ಲಿ 3094 ಮಿ.ಮೀ., 5 ಸೀರೀಸ್‌ನಲ್ಲಿ 3105 ಮಿ.ಮೀ. ಅಂತರವಿದೆ. ಅಷ್ಟು ಉದ್ದ ಎಳೆದಿರುವುದು ಹಿಂದೆ ಕೂರುವವರು ಕಾಲು ಚಾಚಲಿ ಎಂದೇ.

ಕಾಲು ಚಾಚುವುದು ಬೇರೆ, ಹತ್ತಿ ಇಳಿಯುವುದು ಬೇರೆ. ಇದನ್ನು ನಾನು ನನ್ನ ದೊಡ್ಡಮ್ಮನಿಂದ ಕಲಿತೆ. ಅಣ್ಣ ದೊಡ್ಡ ಸೆಡಾನ್ ಕೊಂಡ. ಓಡಿಸಿ ನೋಡಲು ಹೋದದ್ದು ಅವನೂ ನಾನೂ ಮಾತ್ರ. ಕಾರು ಮನೆಗೆ ಬಂದ ದಿನ ಪೂಜೆ ಮುಗಿಸಿ ದೊಡ್ಡಮ್ಮನನ್ನು ಕೂರಿಸಿದೆವು. ಕೂತರು, ಮುಖ ಅರಳಿತು. ದೇವಸ್ಥಾನದ ಮುಂದೆ ಇಳಿಯುವಾಗ ತೊಂದರೆ ಗೊತ್ತಾಯಿತು. ಸೀಟು ತಗ್ಗಿನಲ್ಲಿದ್ದು ಮೊಣಕಾಲು ಸೊಂಟಕ್ಕಿಂತ ಮೇಲಿತ್ತು. ಒಂದು ಕೈ ಬಾಗಿಲಿನ ಮೇಲೆ, ಇನ್ನೊಂದು ಕೈ ಮುಂದಿನ ಸೀಟಿನ ಬೆನ್ನಿನ ಮೇಲೆ. ಕಾಲು ಹೊರಗಿಡುವಾಗ ಸೀರೆಯ ಅಂಚು ಹೊಸ್ತಿಲಿನಂತೆ ಉಬ್ಬಿದ ಅಂಚುಪಟ್ಟಿಗೆ ಸಿಕ್ಕಿಕೊಂಡಿತು. ಮೂರು ಸಲ ಏಳಲು ನೋಡಿ ಕೊನೆಗೆ ಅಣ್ಣನ ತೋಳು ಹಿಡಿದರು. ಆಮೇಲೆ ಹೊರಗೆ ಹೋಗೋಣ ಎಂದಾಗಲೆಲ್ಲ "ನೀವು ಹೋಗಿ ಬನ್ನಿ" ಎನ್ನತೊಡಗಿದರು. ಅವರನ್ನು ಮೊದಲೇ ಕರೆದುಕೊಂಡು ಹೋಗಬೇಕಿತ್ತು ಎಂಬ ನೋವು ನನಗೆ ಇವತ್ತಿಗೂ ಇದೆ.

ಆದ್ದರಿಂದ ಹಿರಿಯರು ಮೂರು ಸಲ ಹತ್ತಿ ಇಳಿಯಲಿ, ಉಡುವ ಬಟ್ಟೆಯಲ್ಲೇ, ಮೆಟ್ಟುವ ಚಪ್ಪಲಿಯಲ್ಲೇ. ಪಾದ ನೆಲಕ್ಕೆ ಪೂರ್ತಿ ಊರುತ್ತದೆಯೇ, ಕೈಗೆ ಆಸರೆ ಸಿಗುತ್ತದೆಯೇ, ತಲೆ ಬಾಗಿಲ ಚೌಕಟ್ಟಿಗೆ ತಾಗುತ್ತದೆಯೇ ನೋಡಿ. ಡಿಕ್ಕಿಯಲ್ಲಿ ಮನೆಯ ಸಾಮಾನನ್ನೇ ಇಟ್ಟು ನೋಡಿ.

ಇನ್ನು ಹಂಪ್. ನಿಮ್ಮ ಕಡೆಯ ರಸ್ತೆಗೆ ಇದು ದೊಡ್ಡ ಪ್ರಶ್ನೆ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಗೊತ್ತುಮಾಡಿದ ಅಳತೆಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕಿತ್ತು. 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು ಅದು, ಗುಡ್ಡದಂತೆ ನಿಧಾನವಾಗಿ ಏರಿ ಇಳಿಯುತ್ತದೆ. ಅಂಥ ಹಂಪಿನ ಮೇಲೆ ನಾಲ್ಕೂ ಚಕ್ರ ಒಟ್ಟಿಗೆ ನಿಲ್ಲುತ್ತವೆ. ನಾನು ಲೆಕ್ಕ ಹಾಕಿ ನೋಡಿದೆ. 2175 ಮಿ.ಮೀ. ವೀಲ್‌ಬೇಸಿನ ನಿಮ್ಮ ಮಾರುತಿ 800ರ ಹೊಟ್ಟೆ ಅಲ್ಲಿ ತಾಗದಿರಲು ಮೂರೂವರೆ ಸೆಂ.ಮೀ. ಅಂತರ ಸಾಕು. ಈ ಉದ್ದದ ಕಾರುಗಳಿಗೆ ಅದರ ಎರಡರಷ್ಟು, ಅಂದರೆ ಏಳು ಸೆಂ.ಮೀ. ಬೇಕು. ಅಲ್ಲಿಗೂ ಭಯವಿಲ್ಲ. ಭಯವಿರುವುದು ಊರವರೇ ರಾತ್ರೋರಾತ್ರಿ ಜಲ್ಲಿ, ಸಿಮೆಂಟು ಸುರಿದು ಕಟ್ಟಿದ ಹಂಪಿನಿಂದ. ಒಂದೂವರೆ ಮೀಟರ್ ಕೂಡ ಅಗಲವಿಲ್ಲದ ಅದು ಮುಂದಿನ ಚಕ್ರ ಇಳಿದು ಹಿಂದಿನದು ಇನ್ನೂ ಏರದಿರುವಾಗ ಪೂರ್ತಿ ಎತ್ತರದಲ್ಲಿ ಹೊಟ್ಟೆಯ ಕೆಳಗೆ ಬಂದು ಕೂರುತ್ತದೆ. ಬ್ರೋಷರಿನ ಗ್ರೌಂಡ್ ಕ್ಲಿಯರೆನ್ಸ್ ಹಲವು ಬಾರಿ ಖಾಲಿ ಕಾರಿನದು. ಐದು ಜನ ಕೂತು ಡಿಕ್ಕಿ ತುಂಬಿದರೆ ಕಾರು ಕುಗ್ಗುತ್ತದೆ.

ಪರೀಕ್ಷೆ ಸುಲಭ. ಮನೆಯಿಂದ ಹೆದ್ದಾರಿಯವರೆಗೆ ಅತಿ ಎತ್ತರದ ಹಂಪ್ ಯಾವುದೆಂದು ನಿಮಗೆ ಗೊತ್ತೇ ಇರುತ್ತದೆ. ಅದರ ಮೇಲೊಂದು ನೇರ ಕೋಲಿಟ್ಟು, ಕೋಲಿನಿಂದ ರಸ್ತೆಯವರೆಗೆ ಟೇಪು ಹಿಡಿದು ಅಳೆದು, ಬ್ರೋಷರಿನ ಅಳತೆಯೊಂದಿಗೆ ಹೋಲಿಸಿ. ಆಮೇಲೆ ಮನೆಯವರನ್ನೆಲ್ಲ ಕೂರಿಸಿ, ಸಂಗೀತ ನಿಲ್ಲಿಸಿ, ಕಿಟಕಿ ಇಳಿಸಿ, ನಡೆಯುವ ವೇಗದಲ್ಲಿ ದಾಟಿ. ಒಬ್ಬರು ಹೊರಗೆ ನಿಂತು ಬಗ್ಗಿ ನೋಡಲಿ. ಸೇಲ್ಸ್‌ನವರಿಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ಸಣ್ಣಗೆ ಕೆರೆದ ಸದ್ದು ಕೇಳಿದರೂ ಆ ಕಾರು ನಿಮ್ಮ ದಾರಿಗೆ ಹೊಂದುವುದಿಲ್ಲ ಎಂದೇ ನಾನು ಹೇಳುತ್ತೇನೆ, ಉಳಿದದ್ದೆಲ್ಲ ಎಷ್ಟೇ ಹಿಡಿಸಿರಲಿ.

ಟೈರಿನ ಪಕ್ಕದ ಗೋಡೆ ಎಷ್ಟು ಎತ್ತರ ಎಂಬುದನ್ನೂ ನೋಡಿ. 245/40 ಎಂದು ಬರೆದಿದ್ದರೆ 245 ಮಿ.ಮೀ. ಅಗಲದ ನೂರಕ್ಕೆ 40 ಭಾಗ, ಅಂದರೆ 98 ಮಿ.ಮೀ. ರಬ್ಬರು. ಹೊಸೂರು, ಕೃಷ್ಣಗಿರಿ ಕಡೆ ಗ್ರಾನೈಟು, ಜಲ್ಲಿ ಸಾಗಿಸುವ ಲಾರಿಗಳು ಹಗಲಿರುಳು ಓಡಿ ರಸ್ತೆ ಕಿತ್ತುಹೋಗುವ ಜಾಗಗಳಲ್ಲಿ ಅಷ್ಟು ಗಿಡ್ಡ ಗೋಡೆ ಹೊಂಡದ ಅಂಚಿಗೆ ಬಡಿದು ಉಬ್ಬಿಕೊಳ್ಳುತ್ತದೆ. ಉಬ್ಬಿದ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಹೊಸದೇ ಹಾಕಬೇಕು. ಸ್ಟೆಪ್ನಿ ಇದೆಯೇ, ಒಂದು ಟೈರಿನ ಬೆಲೆ ಎಷ್ಟು, ಹೊಸೂರಿನಲ್ಲೇ ಸಿಗುತ್ತದೆಯೇ ಕೇಳಿ.

ಇಷ್ಟಾದ ಮೇಲೆ ಹೆದ್ದಾರಿ 44ಕ್ಕೆ ಇಳಿಯಿರಿ. ಶೂಳಗಿರಿಯವರೆಗೆ ಹೋಗಿ ಬಂದರೆ ಸಾಕು. ಲಾರಿಯ ಪಕ್ಕ ಹಾಯುವಾಗ ಒಳಗೆ ಮಾತು ಕೇಳಿಸುತ್ತದೆಯೇ, ಮೆಲ್ಲಗೆ ಬ್ರೇಕ್ ಒತ್ತಿದರೆ ಕಾರು ಮೆಲ್ಲಗೇ ನಿಲ್ಲುತ್ತದೆಯೇ ನೋಡಿ. ಮಗ ಓಡಿಸಲಿ, ನೀವು ಹಿಂದೆ ಕೂತುಕೊಳ್ಳಿ. ವಾಪಸು ಬರುವಾಗ ಅದಲುಬದಲಾಗಿ. ಅದೇ ವಾರ ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಕ್ಯಾಮ್ರಿಯನ್ನೂ ಒಮ್ಮೆ ಓಡಿಸಿ. ಇದೇ ದರ್ಜೆಯ ಕಾರಲ್ಲ, ಆದರೆ ಜಾಸ್ತಿ ಕೊಡುವ ಹಣಕ್ಕೆ ಏನು ಜಾಸ್ತಿ ಸಿಗುತ್ತಿದೆ ಎಂಬುದು ಆಗ ಮೈಗೆ ಗೊತ್ತಾಗುತ್ತದೆ.

ಓಡಿಸುವವರ ಹತ್ತಿರ ಪಕ್ಕಾ ಲೈಸೆನ್ಸ್ ಇರಲಿ. ಕೆಂಪು ಹಲಗೆಯ ಮೇಲೆ ಬಿಳಿ ಅಕ್ಷರದ ನಂಬರ್ ಇದ್ದರೆ ಅದು ಡೀಲರ್ ಹೆಸರಿನ ಟ್ರೇಡ್ ಸರ್ಟಿಫಿಕೇಟ್ ಮೇಲೆ ಓಡುವ, ಇನ್ನೂ ನೋಂದಣಿಯಾಗದ ಗಾಡಿ. ಸಹಿ ಹಾಕಿಸಿಕೊಳ್ಳುವ ಕಾಗದವನ್ನು ಪೂರ್ತಿ ಓದಿ. ಏನಾದರೂ ತಾಗಿದರೆ ಖರ್ಚು ಯಾರದು, ಇನ್ಷೂರೆನ್ಸ್ ಎಷ್ಟು ಭರಿಸುತ್ತದೆ ಎಂಬುದು ಅದರಲ್ಲಿರಬೇಕು.

ನೀವು ಕೇಳದಿದ್ದರೂ ದುಡ್ಡಿನ ಮಾತು ಒಂದೆರಡು. ವಾಸ ಹೊಸೂರಿನಲ್ಲಿರುವುದರಿಂದ ಕಾರು ನೋಂದಾಯಿಸಬೇಕಾದದ್ದು ತಮಿಳುನಾಡಿನಲ್ಲೇ. ಕರ್ನಾಟಕದ ನಂಬರಾದರೆ ಉಳಿತಾಯ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ತಮಿಳುನಾಡು 2023ರಲ್ಲಿ 20 ಲಕ್ಷ ಮೀರಿದ ಕಾರುಗಳ ಜೀವಾವಧಿ ತೆರಿಗೆಯನ್ನು ಶೇ. 20ಕ್ಕೆ ಏರಿಸಿತು. ಕರ್ನಾಟಕದಲ್ಲಿ ಶೇ. 18 ಇದ್ದರೂ ಸೆಸ್ ಸೇರಿ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. 12 ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿಟ್ಟುಕೊಂಡ ಗಾಡಿಗೆ ಆ ರಾಜ್ಯದ ನಂಬರನ್ನೇ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಹತ್ತು ಲಕ್ಷ ಮೀರಿದ ಕಾರಿಗೆ ಡೀಲರ್ ಶೇ. 1ರಷ್ಟು ಟಿಸಿಎಸ್, ಅಂದರೆ ಮಾರುವಾಗಲೇ ಪಡೆಯುವ ಆದಾಯ ತೆರಿಗೆ, ವಸೂಲು ಮಾಡುತ್ತಾರೆ. 70 ಲಕ್ಷದ ಕಾರಿಗೆ 70 ಸಾವಿರ. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲವೆಂದು ಎಷ್ಟೋ ರೈತರು ರಿಟರ್ನ್ ಸಲ್ಲಿಸದೆ ಈ ಹಣವನ್ನು ಬಿಟ್ಟುಬಿಡುತ್ತಾರೆ. ರಿಟರ್ನ್ ಸಲ್ಲಿಸಿದರೆ ಅದು ವಾಪಸು ಬರುತ್ತದೆ.

ಕೊನೆಗೆ ಗೇಟು. ಇ-ಕ್ಲಾಸ್ ಉದ್ದ 5092 ಮಿ.ಮೀ., ಹದಿನಾರೂಮುಕ್ಕಾಲು ಅಡಿ. 5 ಸೀರೀಸ್ ಸುಮಾರು ಹದಿನೇಳು ಅಡಿ. ಕಾರು ಮನೆಗೆ ಬಂದಾಗ ಒಮ್ಮೆ ರಿವರ್ಸ್‌ನಲ್ಲಿ ಒಳಗೆ ಹಾಕಿ, ಗೇಟು ಮುಚ್ಚಿ, ಎರಡೂ ಬದಿಯ ಬಾಗಿಲು ತೆರೆದು ನೋಡಿ. ಅದಕ್ಕೂ ಮುಂಚೆ ನಿಮ್ಮ ಬೀದಿಯ ಅಗಲ, ಗೇಟಿನ ಅಗಲ ಬರೆದು ಕಳಿಸಿದರೆ ಒಂದೇ ಸಲಕ್ಕೆ ತಿರುಗುತ್ತದೆಯೋ ಇಲ್ಲವೋ ಲೆಕ್ಕ ಹಾಕಿ ತಿಳಿಸುತ್ತೇನೆ.