ಮನೆ ಬದಲಾದಾಗ ಮಗು ಮಂಕಾದರೆ

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಒಂದೂವರೆ ತಿಂಗಳ ಹಿಂದಿನವರೆಗೆ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಅತ್ತೆ-ಮಾವನವರ ಜೊತೆಗಿದ್ದೆವು. ಯಜಮಾನರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ್ದರಿಂದ ಮೂರನೇ ಮಹಡಿಯ ಬಾಡಿಗೆ ಮನೆಗೆ ಬಂದಿದ್ದೇವೆ. ಸಂಜೆಯಾದರೆ ಸಾಕು, ಮಗ ‘ನಮ್ಮನೆಗೆ ಹೋಗೋಣ’ ಎಂದು ಅಳುತ್ತಾನೆ. ಒಂದು ವರ್ಷದಿಂದ ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ. ಎರಡು-ಮೂರು ದಿನ ಕಕ್ಕಸಿಗೇ ಹೋಗುವುದಿಲ್ಲ. ನಾನು ಸ್ನಾನಕ್ಕೆ ಹೋದರೂ ಬಾಗಿಲ ಬಳಿ ಅಳುತ್ತ ನಿಲ್ಲುತ್ತಾನೆ. ಇದು ಹಟ ಎಂದು ಯಜಮಾನರು ಗದರುತ್ತಾರೆ. ಕಾಯಿಲೆ ಇರಬಹುದೇ?
– ಓರ್ವ ತಾಯಿ, ಬೆಂಗಳೂರು

ಉತ್ತರ: ನಿಮ್ಮ ಮಗ ಹಟ ಮಾಡುತ್ತಿಲ್ಲ, ದುಃಖದಲ್ಲಿದ್ದಾನೆ. ನಾಲ್ಕು ವರ್ಷದ ಮಗುವಿಗೆ ಮನೆ ಎಂದರೆ ಅಜ್ಜಿ ಉಣಿಸುವ ಊಟ, ಅಜ್ಜನ ಜೊತೆ ತೋಟಕ್ಕೆ ಹೋಗುವುದು, ದಿನವೂ ಒಂದೇ ಹೊತ್ತಿಗೆ ನಡೆಯುವ ಕೆಲಸಗಳು. ಅವೆಲ್ಲ ಒಂದೇ ದಿನದಲ್ಲಿ ಇಲ್ಲವಾದವು. ಆ ನೋವನ್ನು ಮಾತಿನಲ್ಲಿ ಹೇಳಿಕೊಳ್ಳಲು ಅವನಿಗಿನ್ನೂ ಬರುವುದಿಲ್ಲ. ತಾನು ಏನೋ ತಪ್ಪು ಮಾಡಿದ್ದಕ್ಕೇ ಹೀಗಾಯಿತು ಎಂದು ಈ ವಯಸ್ಸಿನ ಮಕ್ಕಳು ನಂಬಿಬಿಡುವುದುಂಟು. ಕಲಿತದ್ದನ್ನು ಮರೆತು ಹಿಂದಿನ ಹಂತಕ್ಕೆ ಜಾರುವುದು, ತಾಯಿಯನ್ನು ಬಿಟ್ಟಿರದಿರುವುದು ಇಂಥ ಸಮಯದಲ್ಲಿ ಸಹಜ.

ಹಾಗೆಂದು ಎಲ್ಲವನ್ನೂ ಮನಸ್ಸಿನ ಮೇಲೆ ಹೊರಿಸಬಾರದು. ಆರು ತಿಂಗಳಿಗಿಂತ ಹೆಚ್ಚು ಕಾಲ ಒಣ ಹಾಸಿಗೆಯಲ್ಲಿ ಮಲಗಿದ ಮಗು ಮತ್ತೆ ಒದ್ದೆ ಮಾಡತೊಡಗಿದರೆ ಮೂತ್ರದ ಸೋಂಕು ಮತ್ತು ಸಕ್ಕರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಈ ವಾರವೇ ಮಕ್ಕಳ ವೈದ್ಯರಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇದ್ದರೆ ಅಂದೇ ತೋರಿಸಿ.

ಮಲಬದ್ಧತೆಗೂ ಹಾಸಿಗೆ ಒದ್ದೆಯಾಗುವುದಕ್ಕೂ ನಂಟಿದೆ. ಊರಿನಲ್ಲಿ ಕುಕ್ಕರಗಾಲಲ್ಲಿ ಕೂತು ರೂಢಿಯಾದ ಮಗುವಿಗೆ ಕಾಲು ನೇತಾಡುವ ಕಮೋಡ್ ಭಯ ಹುಟ್ಟಿಸುತ್ತದೆ. ಹೆದರಿ ತಡೆದುಕೊಂಡರೆ ಮಲ ಗಟ್ಟಿಯಾಗಿ ಮೂತ್ರಕೋಶವನ್ನು ಒತ್ತುತ್ತದೆ. ಕಾಲ ಕೆಳಗೆ ಸಣ್ಣ ಸ್ಟೂಲ್ ಇಡಿ. ಊಟವಾದ ಮೇಲೆ ಐದು ನಿಮಿಷ ಕೂರಿಸಿ, ನೀವೂ ಹತ್ತಿರವೇ ಇರಿ. ಹಗಲಿನಲ್ಲಿ ಸಾಕಷ್ಟು ನೀರು, ಜೊತೆಗೆ ಪಪ್ಪಾಯಿ, ಸೊಪ್ಪು, ಬೇಳೆ ಕೊಡಿ. ಮಲಗುವ ಮುನ್ನ ಮೂತ್ರ ಮಾಡಿಸಿ. ನೀವಾಗಿಯೇ ಭೇದಿ ಔಷಧ ಕೊಡಬೇಡಿ. ಹಾಸಿಗೆ ಒದ್ದೆಯಾದರೆ ಬೈಯದೆ, ನೆರೆಯವರ ಮುಂದೆ ಆಡಿಕೊಳ್ಳದೆ, ಸುಮ್ಮನೆ ಬಟ್ಟೆ ಬದಲಿಸಿ.

ಇನ್ನು ಮನಸ್ಸಿನ ಆರೈಕೆ. ಊರಿನ ದಿನಚರಿಯನ್ನು ಆದಷ್ಟು ಹಾಗೆಯೇ ಮರಳಿ ತನ್ನಿ. ಊಟ, ಸ್ನಾನ, ಕತೆ, ನಿದ್ದೆ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ನಡೆಯಲಿ. ಈ ವಯಸ್ಸಿಗೆ ಹಗಲಿನದೂ ಸೇರಿ 10ರಿಂದ 13 ತಾಸು ನಿದ್ದೆ ಬೇಕು. ಹಳೆಯ ಕಂಬಳಿ ಇದ್ದರೆ ಅದನ್ನೇ ಹೊದಿಸಿ. ದಿನವೂ ಗೊತ್ತಾದ ಸಮಯಕ್ಕೆ ವಿಡಿಯೊ ಕರೆಯಲ್ಲಿ ಅಜ್ಜಿ ಒಂದು ಕತೆ ಹೇಳಲಿ. ಅವನು ಅತ್ತಾಗ ‘ನಾಳೆ ಹೋಗೋಣ’ ಎಂದು ಸುಳ್ಳು ಹೇಳಬೇಡಿ. ‘ಅಜ್ಜಿ ನೆನಪಾಗ್ತಿದೆಯಾ ಪುಟ್ಟಾ? ನಂಗೂ ಆಗ್ತಿದೆ. ಹಬ್ಬಕ್ಕೆ ಹೋಗಿ ಬರೋಣ. ಈಗ ಇಲ್ಲಿ ನಾವು ಮೂರೂ ಜನ ಒಟ್ಟಿಗೇ ಇರ್ತೀವಿ’ ಎನ್ನಿ. ಕೊಟ್ಟ ಮಾತನ್ನು ತಪ್ಪದೆ ನಡೆಸಿ. ಕಣ್ಣು ತಪ್ಪಿಸಿ ಹೊರಗೆ ಹೋಗಬೇಡಿ; ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಬೇರೆ ಕೋಣೆಯಲ್ಲಿ ಮಲಗಿಸುವುದು, ಹೊಸ ಶಾಲೆಗೆ ಸೇರಿಸುವುದು ಕೆಲವು ವಾರ ತಡೆಯಲಿ. ಸಂಜೆ ಒಂದೇ ಹೊತ್ತಿಗೆ ಹತ್ತಿರದ ಪಾರ್ಕಿಗೆ ಕರೆದೊಯ್ದರೆ ಅದೇ ಮಕ್ಕಳು ದಿನಾ ಸಿಗುತ್ತಾರೆ, ಸ್ನೇಹ ತಾನಾಗಿ ಬೆಳೆಯುತ್ತದೆ. ನಿಮ್ಮ ಯಜಮಾನರು ದಿನಕ್ಕೆ ಅರ್ಧ ತಾಸು ಫೋನ್ ಬದಿಗಿಟ್ಟು ಅವನ ಜೊತೆ ನೆಲದ ಮೇಲೆ ಕೂತು ಆಡಲಿ. ಗದರುವುದರಿಂದ ಆಗದ್ದು ಇದರಿಂದ ಆಗುತ್ತದೆ.

ಮಹಡಿ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಬಾಲ್ಕನಿಯ ಬಳಿ ಹತ್ತಲು ಸಿಗುವ ಕುರ್ಚಿ, ಡಬ್ಬ ಇಡಬೇಡಿ. ಸಂಪಿನ ಮುಚ್ಚಳ ಸದಾ ಭದ್ರವಾಗಿರಲಿ. ಗೀಸರ್ ನೀರನ್ನು ಮೊದಲು ನಿಮ್ಮ ಕೈಯಿಂದ ಮುಟ್ಟಿ ನೋಡಿ.

ಹೆಚ್ಚಿನ ಮಕ್ಕಳು ಕೆಲವು ವಾರಗಳಿಂದ ಎರಡು-ಮೂರು ತಿಂಗಳೊಳಗೆ ಹೊಂದಿಕೊಳ್ಳುತ್ತಾರೆ. ಆಮೇಲೂ ಆಟ ಬೇಡ, ಮಾತು ಬೇಡ, ಊಟ ಬೇಡ ಎನ್ನುತ್ತಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು.

ಪ್ರಶ್ನೆ: ಮುಂದಿನ ತಿಂಗಳು ನಮಗೆ ಹುಬ್ಬಳ್ಳಿಯಿಂದ ಮಂಗಳೂರಿಗೆ ವರ್ಗ. ಮಗಳು ಎರಡನೇ ತರಗತಿ, ಕೂಸಿಗೆ ಎಂಟು ತಿಂಗಳು. ಮಗಳಿಗೆ ಯಾವಾಗ ಹೇಳಬೇಕು?
– ಓರ್ವ ತಂದೆ, ಹುಬ್ಬಳ್ಳಿ

ಉತ್ತರ: ಈಗಲೇ ಹೇಳಿ. ಆ ವಯಸ್ಸಿನ ಮಕ್ಕಳಿಗೆ ಗುಟ್ಟು ಬೇಗ ತಿಳಿಯುತ್ತದೆ. ಬೇರೆಯವರ ಬಾಯಿಂದ ಕೇಳಿದರೆ ಭಯ ಹೆಚ್ಚುತ್ತದೆ. ಹೊಸ ಮನೆಯ, ಶಾಲೆಯ ಫೋಟೊ ತೋರಿಸಿ. ಅವಳ ಸಾಮಾನಿನ ಪೆಟ್ಟಿಗೆಯನ್ನು ಅವಳೇ ತುಂಬಲಿ. ಅವಳನ್ನು ಕೇಳದೆ ಹಳೆಯ ಆಟಿಕೆ ಎಸೆಯಬೇಡಿ. ಗೆಳತಿಯರಿಗೆ, ಟೀಚರಿಗೆ ಹೇಳಿ ಹೊರಡಲು ಬಿಡಿ. ಹೊಸ ಮನೆಯಲ್ಲಿ ಹಾಲುಕ್ಕಿಸುವ ದಿನ ಬಾಗಿಲಿಗೆ ರಂಗೋಲಿ ಅವಳು ಹಾಕಲಿ.

ಎಂಟು ತಿಂಗಳ ಕೂಸು ಅಪರಿಚಿತರನ್ನು ಕಂಡು ಅಳುವ ವಯಸ್ಸಿನದು. ಸಾಮಾನು ಸಾಗಿಸುವ ದಿನ ಅದು ಚೆನ್ನಾಗಿ ಬಲ್ಲವರ ಕೈಯಲ್ಲೇ ಇರಲಿ, ಅದೇ ತೊಟ್ಟಿಲು ಬಟ್ಟೆಯಲ್ಲೇ ಮಲಗಲಿ. ಲಸಿಕೆಯ ತಾಯಿ ಕಾರ್ಡನ್ನು ಲಾರಿಗೆ ಹಾಕದೆ ಕೈಚೀಲದಲ್ಲಿಟ್ಟುಕೊಳ್ಳಿ. 9 ತಿಂಗಳಿಗೆ ಮೀಸಲ್ಸ್-ರುಬೆಲ್ಲಾ ಲಸಿಕೆಯಿದೆ. ವರ್ಗಾವಣೆಯ ಗಡಿಬಿಡಿಯಲ್ಲಿ ಅದು ತಪ್ಪಬಾರದು.

ಎಲ್ಲ ತಂದೆ-ತಾಯಂದಿರಲ್ಲೂ ನನ್ನ ವಿನಂತಿ ಇಷ್ಟೇ: ಹೊಸ ಮನೆಗೆ ಹೋದಾಗ ಅಡುಗೆಮನೆಗಿಂತ ಮೊದಲು ಮಗು ಮಲಗುವ ಜಾಗವನ್ನು ಸಿದ್ಧಮಾಡಿ. ಉಳಿದ ಸಾಮಾನು ಹದಿನೈದು ದಿನ ತಡವಾಗಿ ಜೋಡಿಸಿದರೂ ನಷ್ಟವಿಲ್ಲ.