ಮೂಳೆ ಒಣಕಟ್ಟಿಗೆಯಲ್ಲ

ಮೂಳೆ ಅಂದ ಕೂಡಲೇ ನಮಗೆ ನೆನಪಾಗೋದು ನಾಯಿ ಕಚ್ಚಿಕೊಂಡು ಓಡುವ ಬಿಳಿ ತುಂಡು, ಇಲ್ಲವೇ ವಿಜ್ಞಾನ ಪುಸ್ತಕದಲ್ಲಿ ಹಲ್ಲು ಕಿರಿದು ನಿಂತಿರುವ ಅಸ್ಥಿಪಂಜರದ ಚಿತ್ರ. ಅವೆರಡೂ ಸತ್ತ ಮೂಳೆಗಳು. ಬದುಕಿರುವವರ ಮೂಳೆಗೆ ಜೀವ ಇದೆ. ಅದರೊಳಗೆ ರಕ್ತನಾಳಗಳಿವೆ, ಮೇಲಿನ ತೆಳುಪೊರೆಯಲ್ಲಿ ನರಗಳಿವೆ. ಮೊಣಕಾಲಿನ ಕೆಳಗೆ ಬೆಂಚಿನ ಅಂಚು ತಾಗಿದರೆ ಕಣ್ಣಲ್ಲಿ ನೀರು ಬರೋದು ಅದಕ್ಕೇ.

ಹುಟ್ಟಿದ ಮಗುವಿನ ಮೈಯಲ್ಲಿ ಸುಮಾರು 300 ಮೂಳೆ ತುಂಡುಗಳಿರುತ್ತವೆ. ಎಷ್ಟೋ ಭಾಗ ಇನ್ನೂ ಮೃದ್ವಸ್ಥಿ, ಅಂದರೆ ನಮ್ಮ ಕಿವಿಯ ಹಾಗೆ ಬಗ್ಗುವಂಥದ್ದು. ಬೆಳೆಯುತ್ತಾ ಒಂದಕ್ಕೊಂದು ಕೂಡಿಕೊಂಡು ದೊಡ್ಡವರಾಗುವಾಗ 206 ಆಗುತ್ತವೆ. ಅಜ್ಜಿಯರು ಕೂಸಿನ ನೆತ್ತಿಗೆ ಹರಳೆಣ್ಣೆ ಹಚ್ಚುವಾಗ ನೋಡಿ, ಅಲ್ಲಿ ಮೆತ್ತಗೆ ಮಿಡಿಯುತ್ತಿರುತ್ತೆ. ತಲೆಬುರುಡೆಯ ಮೂಳೆಗಳು ಅಲ್ಲಿ ಇನ್ನೂ ಕೂಡಿರುವುದಿಲ್ಲ. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಆ ಜಾಗ ಮುಚ್ಚಿಕೊಳ್ಳುತ್ತದೆ.

206 ಹೇಗೆ ಅಂತ ಕೂಡಿ ನೋಡೋಣ. ತಲೆಬುರುಡೆಯಲ್ಲಿ 22, ಎರಡೂ ಕಿವಿಯೊಳಗೆ ಸೇರಿ 6, ನಾಲಿಗೆಯ ಬುಡದಲ್ಲಿ 1, ಬೆನ್ನುಮೂಳೆಯಲ್ಲಿ 26, ಪಕ್ಕೆಲುಬು 24, ಎದೆಮೂಳೆ 1. ಇಲ್ಲಿಗೆ 80. ಹೆಗಲು ಮತ್ತು ಕೈಗಳಲ್ಲಿ 64, ಸೊಂಟ ಮತ್ತು ಕಾಲುಗಳಲ್ಲಿ 62. ಲೆಕ್ಕ ಸರಿಹೋಯಿತು. ನನಗೆ ಆಶ್ಚರ್ಯ ಆಗಿದ್ದು ಬೇರೆ ವಿಷಯ. ಮಣಿಕಟ್ಟಿನಿಂದ ಬೆರಳ ತುದಿವರೆಗೆ ಒಂದೊಂದು ಕೈಗೆ 27, ಒಂದೊಂದು ಪಾದಕ್ಕೆ 26. ಅಂದರೆ ಇಡೀ ಮೈಯ ಅರ್ಧಕ್ಕಿಂತ ಹೆಚ್ಚು ಮೂಳೆಗಳು ಕೈಪಾದಗಳಲ್ಲೇ ಇವೆ! ಬರೆಯೋದು, ಹೂ ಕಟ್ಟೋದು, ಗೋಲಿ ಆಡೋದು ಇದರಿಂದಲೇ ಸಾಧ್ಯ.

ಮೂಳೆಗಳ ಕೆಲಸ ಮೈಯನ್ನು ಎತ್ತಿ ಹಿಡಿಯೋದು ಮಾತ್ರ ಅಲ್ಲ. ಬುರುಡೆ ಮೆದುಳನ್ನೂ ಪಕ್ಕೆಲುಬುಗಳು ಹೃದಯ ಮತ್ತು ಶ್ವಾಸಕೋಶಗಳನ್ನೂ ಕಾಯುತ್ತವೆ. ಎರಡು ಮೂಳೆ ಸೇರುವ ಜಾಗಕ್ಕೆ ಕೀಲು ಅಂತಾರೆ. ಮೊಣಕೈ ಬಾಗಿಲ ಬಿಜಾಗರಿಯಂತೆ ಮಡಚುತ್ತದೆ. ಹೆಗಲ ಕೀಲು ಒರಳಿನ ಗುಳಿಯಲ್ಲಿ ರುಬ್ಬುಗುಂಡು ತಿರುಗುವ ಹಾಗೆ ಎಲ್ಲ ಕಡೆಗೂ ತಿರುಗುತ್ತದೆ. ಮೂಳೆ ತಾನಾಗಿ ಅಲುಗಾಡೋದಿಲ್ಲ, ಸ್ನಾಯು ಎಳೆಯಬೇಕು.

ಮೂಳೆಯೊಳಗಿನ ಮಜ್ಜೆಯಲ್ಲಿ ಕೆಂಪು ರಕ್ತಕಣಗಳು ತಯಾರಾಗುತ್ತವೆ. ಒಂದು ಸೆಕೆಂಡಿಗೆ ಸುಮಾರು 20 ಲಕ್ಷ! ಮೈಯಲ್ಲಿರುವ ಕ್ಯಾಲ್ಸಿಯಂನ 100ಕ್ಕೆ 99 ಭಾಗ ಮೂಳೆ ಮತ್ತು ಹಲ್ಲುಗಳಲ್ಲೇ ಇದೆ. ರಕ್ತಕ್ಕೆ ಕ್ಯಾಲ್ಸಿಯಂ ಕಡಿಮೆ ಬಿದ್ದರೆ ದೇಹ ಅದನ್ನು ಮೂಳೆಯಿಂದ ತೆಗೆದು ಕೊಡುತ್ತೆ, ಕಣಜದಿಂದ ಕಾಳು ತೆಗೆದ ಹಾಗೆ. ಕಣಜ ತುಂಬಬೇಕಲ್ಲ? 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ ಬೇಡ ಅನ್ನುವವರು ಇದನ್ನು ಎರಡು ಸಲ ಓದಿ.

ಮೂಳೆ ಯಾವುದರಿಂದ ಆಗಿದೆ ಅಂತ ನೋಡಲು ನಾನೊಂದು ಪ್ರಯೋಗ ಮಾಡಿದೆ. ಕೋಳಿ ಕಾಲಿನ ಎರಡು ಮೂಳೆಗಳನ್ನು ತೊಳೆದು, ಒಂದನ್ನು ಗೋಬಿ ಮಂಚೂರಿಗೆ ಹಾಕುತ್ತಾರಲ್ಲ ಆ ವಿನಿಗರ್‌ನಲ್ಲಿ ಮುಳುಗಿಸಿಟ್ಟೆ. ಎರಡು ದಿನಕ್ಕೊಮ್ಮೆ ವಿನಿಗರ್ ಬದಲಿಸಿದೆ. ಒಂದು ವಾರದ ಮೇಲೆ ಮೂಳೆ ರಬ್ಬರಿನ ಹಾಗೆ ಬಗ್ಗಿತು! ಇನ್ನೊಂದನ್ನು ಅಮ್ಮನ ಮುಂದೆಯೇ ಒಲೆಯ ಕೆಂಡದಲ್ಲಿ ಸುಟ್ಟೆ. ಆಕಾರ ಹಾಗೇ ಇತ್ತು, ಆದರೆ ಬೆರಳಲ್ಲಿ ಒತ್ತಿದರೆ ಪುಡಿಪುಡಿ. ವಿನಿಗರ್ ಮೂಳೆಯ ಸುಣ್ಣದಂಶವನ್ನು ಕರಗಿಸಿತ್ತು, ನಾರು ಉಳಿದಿತ್ತು. ಬೆಂಕಿ ನಾರನ್ನು ಸುಟ್ಟಿತ್ತು, ಸುಣ್ಣದಂಶ ಉಳಿದಿತ್ತು. ಮಣ್ಣಿನ ಗೋಡೆಗೆ ಹುಲ್ಲು ಸೇರಿಸಿ ಕಲಸುತ್ತಾರಲ್ಲ, ಹಾಗೆ ಎರಡೂ ಸೇರಿದರೇನೇ ಗಟ್ಟಿ. ಎರಡು ಮೂಳೆಗಳನ್ನೂ ವಿಜ್ಞಾನ ಕೋಣೆಯ ಕಿಟಕಿ ಹತ್ತಿರ ಇಟ್ಟಿದ್ದೇನೆ. ಮುಟ್ಟಿ ನೋಡಬಹುದು, ಸುಟ್ಟದ್ದನ್ನು ಮಾತ್ರ ಒತ್ತಬೇಡಿ.

ಮಕ್ಕಳ ಮೂಳೆಯಲ್ಲಿ ಬಗ್ಗುವ ಗುಣ ಜಾಸ್ತಿ. ಆದ್ದರಿಂದ ಕೆಲವು ಸಲ ಅದು ಪೂರ್ತಿ ತುಂಡಾಗದೆ ಹಸಿ ಹುಣಸೆ ಬರಲಿನ ಹಾಗೆ ಒಂದು ಪಕ್ಕ ಮಾತ್ರ ಸೀಳುತ್ತದೆ. (ಆ ಬರಲು ಹಿಂದೆ ಮೇಷ್ಟ್ರುಗಳ ಕೈಯಲ್ಲಿ ಇರುತ್ತಿತ್ತಂತೆ.) ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಅಲ್ಲಿ ಮೆತ್ತನೆಯ ಗಂಟು ಬೆಳೆಯುತ್ತದೆ. ಆಮೇಲೆ ಆ ಗಂಟು ಮೂಳೆಯಾಗುತ್ತದೆ. ಅಂದರೆ ಕೂಡಿಸೋದು ದೇಹವೇ. ಪಟ್ಟಿಯಾಗಲಿ ಸೊಪ್ಪಾಗಲಿ ಮೂಳೆಯನ್ನು ಅಂಟಿಸೋದಿಲ್ಲ. ಪಟ್ಟಿ ಅಲುಗಾಡದಂತೆ ಹಿಡಿದಿರುತ್ತದೆ ಅಷ್ಟೆ. "ನಮ್ಮ ಕಾಲದಲ್ಲಿ ಸೊಪ್ಪು ಕಟ್ಟಿದರೆ ಸಾಕಿತ್ತು, ಕೂಡಿಕೊಳ್ಳುತ್ತಿತ್ತು" ಅಂತ ಹಿರಿಯರು ಹೇಳೋದು ಸುಳ್ಳಲ್ಲ. ಆದರೆ ಹೆಸರು ಸೊಪ್ಪಿಗೆ ಬಂತು, ಕೆಲಸ ಮಾಡಿದ್ದು ಮೂಳೆ.

ಹೋದ ವರ್ಷ ನಮ್ಮ ಬೀದಿಯ ಹುಡುಗನೊಬ್ಬ ಮರದಿಂದ ಬಿದ್ದು ಮೊಣಕೈ ಮೇಲೆ ಮೂಳೆ ಮುರಿದುಕೊಂಡ. ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. ಯಾರು ಕಟ್ಟಿದರು ಅಂತ ಬರೆಯೋದಿಲ್ಲ, ಕೆಟ್ಟದಾಗಲಿ ಅಂತ ಯಾರೂ ಕಟ್ಟಿರಲಿಲ್ಲ. ರಾತ್ರಿ ಹೊತ್ತಿಗೆ ಅವನ ಬೆರಳು ತಣ್ಣಗಾಗಿ ನೀಲಿಗಟ್ಟಿದವು. ತುಂಬಾ ಅತ್ತ. "ಬಿಗಿಯಾಗಿದ್ದಷ್ಟೂ ಒಳ್ಳೇದು, ತಡ್ಕೋ ಮಗಾ" ಅಂದರಂತೆ. ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಕಟ್ಟು ಬಿಚ್ಚಿದರು. ಮೂಳೆಯೇನೋ ಕೂಡಿತು. ಆದರೆ ಅವನ ಬಲಗೈಯ ಮೂರು ಬೆರಳು ಈಗಲೂ ನೆಟ್ಟಗಾಗೋದಿಲ್ಲ. ಎಡಗೈಯಲ್ಲಿ ಬರೆಯೋದು ಕಲಿತಿದ್ದಾನೆ.

ಏಕೆ ಹೀಗಾಯಿತು? ಮೂಳೆ ಮುರಿದ ಮೇಲೆ ಸುತ್ತಲಿನ ಮಾಂಸ ಊದಿಕೊಳ್ಳುತ್ತೆ. ದಬ್ಬೆ ಮಾತ್ರ ಹಿಗ್ಗೋದಿಲ್ಲ. ಆಗ ರಕ್ತನಾಳ ಒತ್ತಿಹೋಗಿ ರಕ್ತ ಮುಂದೆ ಹೋಗೋದಿಲ್ಲ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಸತ್ತ ಸ್ನಾಯು ಕುಗ್ಗಿ ಬೆರಳುಗಳನ್ನು ಒಳಕ್ಕೆ ಎಳೆದು ಹಿಡಿಯುತ್ತೆ.

ಇನ್ನೊಂದು ಅಪಾಯವೂ ಇದೆ. ನಮ್ಮ ವಯಸ್ಸಿನವರ ಉದ್ದ ಮೂಳೆಗಳ ತುದಿ ಹತ್ತಿರ ಮೃದ್ವಸ್ಥಿಯ ಒಂದು ತೆಳು ಪದರ ಇರುತ್ತೆ. ಮೂಳೆ ಉದ್ದ ಬೆಳೆಯೋದು ಅಲ್ಲಿಂದಲೇ. ಅದಕ್ಕೆ ಪೆಟ್ಟಾಗಿ ಸರಿಯಾಗಿ ಕೂರದಿದ್ದರೆ ಕೈ ಸೊಟ್ಟಗೋ ಗಿಡ್ಡವೋ ಆಗಬಹುದು. ಇದು ಹೊರಗಿನಿಂದ ಮುಟ್ಟಿದರೆ ತಿಳಿಯೋದಿಲ್ಲ, ಎಕ್ಸ್-ರೇ ಬೇಕು. ಜರ್ಮನಿಯ ರಾಂಟ್ಜೆನ್ 1895ರಲ್ಲಿ ಈ ಕಿರಣ ಕಂಡುಹಿಡಿದು, ಅದೇ ವರ್ಷ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದರು. ಮೂಳೆಗಳ ಜೊತೆ ಉಂಗುರವೂ ಅದರಲ್ಲಿ ಕಾಣುತ್ತೆ.

ಆಟದ ಬಯಲಲ್ಲಿ ಯಾರಾದರೂ ಬಿದ್ದು ಕೈ ಮುರಿದರೆ ಎಳೆಯಬೇಡಿ, ತಿಕ್ಕಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಕೈ ಯಾವ ಭಂಗಿಯಲ್ಲಿದೆಯೋ ಹಾಗೇ ಇರಲಿ. ದಪ್ಪಗೆ ಮಡಚಿದ ಪೇಪರ್ ಅಡಿಯಲ್ಲಿಟ್ಟು, ಟವೆಲಿನಿಂದ ಸಡಿಲವಾಗಿ ಕಟ್ಟಿ ಕುತ್ತಿಗೆಗೆ ತೂಗುಹಾಕಿ. ಬಳೆ, ಉಂಗುರ, ವಾಚು ಊದುವ ಮೊದಲೇ ತೆಗೆಯಿರಿ. ಬೆರಳುಗಳು ಕಾಣುತ್ತಿರಲಿ. ಮೇಷ್ಟ್ರಿಗೆ ಹೇಳಿ, 108ಕ್ಕೆ ಫೋನ್ ಮಾಡಿಸಿ. ದಾರಿಯಲ್ಲಿ ಆಗಾಗ ಒಂದು ಉಗುರನ್ನು ಒತ್ತಿ ಬಿಡಿ. ಬಿಳಿಯಾದದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಆಗದಿದ್ದರೆ, ಬೆರಳು ಜೋಮು ಹಿಡಿದರೆ, ಕಟ್ಟು ಇನ್ನೂ ಸಡಿಲ ಮಾಡಿ. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರಿಗೂ ಇದೇ ಪರೀಕ್ಷೆ. ಪ್ಲಾಸ್ಟರ್ ಹಾಕಿದ ರಾತ್ರಿ ಬೆರಳು ನೀಲಿಯಾದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ವಾಪಸು ಕರೆದುಕೊಂಡು ಹೋಗಿ.