ಅಗ್ಗದ ಲೋಹಶೋಧಕ ಯಾವುದು? ಪ್ರೇರಣೆಯ ಪಾಠಕ್ಕೊಂದು ಸನ್ನಿವೇಶ

ವಿಷಯ: ವಿಜ್ಞಾನ. ತರಗತಿ: 10. ಅವಧಿ: 40 ನಿಮಿಷ.
ಬೋಧನಾಂಶ: ವಿದ್ಯುತ್ಕಾಂತೀಯ ಪ್ರೇರಣೆಯ ಅನ್ವಯ.

ಪಾಠ ಪ್ರವೇಶ

1992ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಹಾಕ್ಸನ್ ಹಳ್ಳಿಯ ಹೊಲವೊಂದರಲ್ಲಿ ಎರಿಕ್ ಲಾಸ್ ಎಂಬವರು ಲೋಹಶೋಧಕ ಹಿಡಿದು, ರೈತ ಗೆಳೆಯ ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕುತ್ತಿದ್ದರು. ಸಿಕ್ಕಿದ್ದು ರೋಮನ್ ಕಾಲದ ಸುಮಾರು 15,000 ಚಿನ್ನ, ಬೆಳ್ಳಿ ನಾಣ್ಯಗಳ ನಿಧಿ! ಸುತ್ತಿಗೆಯೂ ಸಿಕ್ಕಿತು.

ಈ ಕಥೆ ಹೇಳಿ, "ಆ ಯಂತ್ರದಲ್ಲಿ ಅಯಸ್ಕಾಂತ ಇತ್ತೇ?" ಎಂದು ಕೇಳಿದೆ. ಬಹುಪಾಲು ಮಕ್ಕಳು "ಹೌದು ಸರ್" ಎಂದರು. "ಚಿನ್ನ ಅಯಸ್ಕಾಂತಕ್ಕೆ ಅಂಟುತ್ತದೆಯೇ?" ಎಂದಾಗ ತರಗತಿ ಮೌನವಾಯಿತು.

ಪ್ರದರ್ಶನ ಮತ್ತು ವಿವರಣೆ

ದಪ್ಪ ತಾಮ್ರದ ಕೊಳವೆಯೊಳಗೆ ಪ್ರಬಲ ಅಯಸ್ಕಾಂತ ಬಿಟ್ಟೆ. ಅದು ಅಂಟಲಿಲ್ಲ, ಆದರೆ ನಿಧಾನವಾಗಿ ಇಳಿಯಿತು. ಬದಲಾಗುವ ಕಾಂತಕ್ಷೇತ್ರ ತಾಮ್ರದಲ್ಲಿ ಸುಳಿ ಪ್ರವಾಹಗಳನ್ನು ಪ್ರೇರಿಸುತ್ತದೆ. ಲೋಹಶೋಧಕದ ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿದಾಗ ನೆಲದೊಳಗಿನ ನಾಣ್ಯದಲ್ಲಿ ಆಗುವುದೂ ಇದೇ. ಆ ಪ್ರವಾಹಗಳ ಕ್ಷೇತ್ರವನ್ನು ಎರಡನೆಯ ಸುರುಳಿ ಗ್ರಹಿಸಿ ಸದ್ದು ಮಾಡುತ್ತದೆ.

ಗುಂಪು ಚಟುವಟಿಕೆ

ಸಮಸ್ಯೆ: ಇಂಗ್ಲೆಂಡಿನ ಹವ್ಯಾಸಿಯೊಬ್ಬರ ಬಳಿ ಹಣ ಕಡಿಮೆ. ಯಾವ ಯಂತ್ರ ಕೊಳ್ಳಬೇಕು? ಉತ್ತರಕ್ಕೆ ಕಾರಣ ಕಡ್ಡಾಯ. ಚರ್ಚೆಯಲ್ಲಿ ಹೊರಬರಬೇಕಾದ ಅಂಶಗಳು:

1. ಮೊದಲ ಪ್ರಶ್ನೆ ಬೆಲೆಯಲ್ಲ, ಸ್ಥಳ. ಹೊಲಕ್ಕೆ ಒಂದೇ ಆವರ್ತನದ ಸರಳ ಯಂತ್ರ ಸಾಕು. ಉಪ್ಪುನೀರಿನ ಒದ್ದೆ ಮರಳು ತಾನೇ ವಾಹಕವಾದ್ದರಿಂದ ಅಲ್ಲಿ ಅದು ಸುಳ್ಳು ಸದ್ದು ಮಾಡುತ್ತದೆ.
2. ಕಡಿಮೆ ಆವರ್ತನ ಆಳಕ್ಕೂ ದೊಡ್ಡ ಬೆಳ್ಳಿ ವಸ್ತುಗಳಿಗೂ ಅನುಕೂಲ. ಹೆಚ್ಚಿನ ಆವರ್ತನ ಚಿನ್ನದ ಸಣ್ಣ ಚೂರುಗಳಿಗೆ.
3. ದೊಡ್ಡ ಸುರುಳಿ ಆಳಕ್ಕೆ ತಲುಪುತ್ತದೆ. ಆದರೆ ಒತ್ತಾಗಿರುವ ಮೊಳೆ ಮತ್ತು ನಾಣ್ಯವನ್ನು ಬೇರ್ಪಡಿಸಲಾರದು.
4. ಕಸ ತಳ್ಳಿಹಾಕುವ ಸೌಲಭ್ಯವನ್ನು ಪೂರ್ತಿ ನಂಬಬಾರದು. ಡಬ್ಬಿಯ ಅಲ್ಯುಮಿನಿಯಂ ಮುಚ್ಚಳದ ಚೂರು ಮತ್ತು ಚಿನ್ನದ ಉಂಗುರ ಒಂದೇ ಬಗೆಯ ಸಂಕೇತ ಕೊಡಬಹುದು.
5. ಪರದೆಯ ಅಲಂಕಾರಕ್ಕೆ ಹಣ ಸುರಿಯದೆ, ಹೆಡ್‌ಫೋನಿಗೂ ಗುಂಡಿಯಲ್ಲಿ ನಿಖರ ಜಾಗ ತೋರುವ ಕೈಶೋಧಕಕ್ಕೂ ಉಳಿಸಿಕೊಳ್ಳಬೇಕು.

ಅವಲೋಕನ

ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸರ್, ನಮ್ಮೂರ ಹಾಳುಗುಡಿ ಹತ್ರ ಇದನ್ನ ಹಿಡ್ಕೊಂಡು ಹೋದ್ರೆ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾರ್ಗದರ್ಶಕರು ನನ್ನ ಪಾಠ ಟಿಪ್ಪಣಿಯಲ್ಲಿ ಬರೆದದ್ದು ಒಂದೇ ಸಾಲು: "ಇಂದಿನ ಅತ್ಯುತ್ತಮ ಪ್ರಶ್ನೆಗೆ ಉತ್ತರ ಸಿಗಲಿಲ್ಲ."

ನಿಧಿಗಳ್ಳರು ಗುಡಿ ಅಗೆದ ಸುದ್ದಿ ಓದುತ್ತ ಬೆಳೆದ ಮಕ್ಕಳಿವರು. ಮರುಪಾಠದಲ್ಲಿ ಕೊನೆಯ ಐದು ನಿಮಿಷ ಆ ಪ್ರಶ್ನೆಗೇ ಮೀಸಲಿಟ್ಟೆ. ಲಾಸ್ ಎಲ್ಲವನ್ನೂ ಅಗೆದು ತೆಗೆಯಲಿಲ್ಲ. ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಹಾಗಾಗಿ ಯಾವುದರ ಪಕ್ಕ ಯಾವುದಿತ್ತೆಂದು ಪುರಾತತ್ವಜ್ಞರು ದಾಖಲಿಸಲು ಸಾಧ್ಯವಾಯಿತು. ಅಲ್ಲಿ ಜಮೀನಿನ ಒಡೆಯರ ಅನುಮತಿ ಬೇಕು. 1996ರ ಕಾಯ್ದೆಯಂತೆ ನಿಧಿ ಸಿಕ್ಕರೆ 14 ದಿನಗಳೊಳಗೆ ವರದಿ ಮಾಡಬೇಕು. ನಮ್ಮಲ್ಲಿ 1878ರ ಭಾರತೀಯ ನಿಧಿ ಕಾಯ್ದೆಯೇ, ಹತ್ತು ರೂಪಾಯಿ ಮೀರಿದ ನಿಧಿಯನ್ನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತ್ತು.

ಮೌಲ್ಯಮಾಪನ

1. ಅಯಸ್ಕಾಂತಕ್ಕೆ ಅಂಟದ ಚಿನ್ನವನ್ನು ಲೋಹಶೋಧಕ ಹೇಗೆ ಪತ್ತೆಮಾಡುತ್ತದೆ?
2. ಲಾಸ್ ಅಗೆಯುವುದನ್ನು ನಿಲ್ಲಿಸದಿದ್ದರೆ ನಾವು ಏನನ್ನು ಕಳೆದುಕೊಳ್ಳುತ್ತಿದ್ದೆವು?

ಎರಡನೆಯದಕ್ಕೆ ಅದೇ ಹುಡುಗ ಬರೆದ: "ನಾಣ್ಯ ಸಿಗುತ್ತಿತ್ತು, ಕಥೆ ಸಿಗುತ್ತಿರಲಿಲ್ಲ."